ಒಂದು ತುದಿಗೆ ಹಗರಿ ಮರಳು, ಇನ್ನೊಂದು ತುದಿಗೆ ಸವಳು: ಮೊದಲು ಯಾವುದನ್ನ ಹಿಡೀಬೇಕು?

ಹಗರಿ_ದಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹೊಲ ಇರೋದು ಅನಂತಪುರ ಜಿಲ್ಲೆ, ಕಣೇಕಲ್ಲು–ಬೊಮ್ಮನಹಾಳು ನಡುವೆ, ಹಗರಿಯ ಮೂಡಲ ದಂಡೆಯಲ್ಲಿ. ಒಟ್ಟು 6 ಎಕರೆ, ಮೂರು ತರದ ನೆಲ.

ಪಡುವಲಿನ 2 ಎಕರೆಗೆ ಆಷಾಢದ ಗಾಳಿಯಲ್ಲಿ ಹೊಳೆ ಮರಳು ಬಂದು ಕೂರುತ್ತೆ. ಬದುವಿನ ಹತ್ತಿರ ಮೊಣಕಾಲುದ್ದ, ಒಳಗೆ ಹೋದಂತೆ ನಾಲ್ಕು ಬೆರಳು. ಮೃಗಶಿರಾ ಮಳೆಗೆ ಬಿತ್ತಿದ ಶೇಂಗಾ ಎರಡೆಲೆ ಬಿಡೋ ಹೊತ್ತಿಗೆ ಮುಚ್ಚಿಹೋಗುತ್ತೆ. ಮುಚ್ಚದೆ ಉಳಿದ ಸಸಿಗಳ ಎಲೆಯಂಚು ಸುಟ್ಟ ಹಾಗೆ ಆಗುತ್ತೆ. ನಡುವಿನ 2 ಎಕರೆ ಕೆಂಪು ಮಸಾರಿ, ಮಣ್ಣು ತೆಳ್ಳಗಾಗಿ ಗರಸು (ಸಣ್ಣ ಕಲ್ಲು) ಎದ್ದಿದೆ. ಮೂಡಲಿನ 2 ಎಕರೆ ತಗ್ಗಿನ ಎರೆ ನೆಲ, ತುಂಗಭದ್ರಾ ಮೇಲ್ದಂಡೆ ಕಾಲುವೆಯ ಉಪಕಾಲುವೆಗೆ ಅಂಟಿಕೊಂಡಿದೆ. ಅಲ್ಲಿ ಬೇಸಿಗೆಗೆ ಬಿಳಿ ಪೊರೆ ಕಟ್ಟುತ್ತೆ, ಭತ್ತ ಅಲ್ಲಲ್ಲಿ ಮಾತ್ರ ಉಳಿಯುತ್ತೆ.

ಕೇಳಬೇಕಿರೋದು ಇಷ್ಟು. ಇದಕ್ಕೆಲ್ಲ ಮೂಲ ಕಾರಣ ಏನು? ಟ್ರ್ಯಾಕ್ಟರ್ ಹಚ್ಚಿ ಮರಳು ತೆಗೆಸೋದು ಲೆಕ್ಕಕ್ಕೆ ಬರುತ್ತಾ? ಮೂಡಲ ಹೊಲಕ್ಕೆ ಜಿಪ್ಸಂ ಹಾಕಬಹುದಾ? ಮೂರರಲ್ಲಿ ಯಾವುದನ್ನ ಮೊದಲು ಹಿಡೀಬೇಕು? ಅಧಿಕಾರಿಗಳು ಇದನ್ನ ಮರುಭೂಮಿ ಆಗೋದು ಅಂತಾರಲ್ಲ, ಅದು ನಿಜವಾ ಅಥವಾ ದೊಡ್ಡ ಮಾತಾ?

ಮಣ್ಣು_ನೀರು:

ಕೊನೆಯ ಪ್ರಶ್ನೆಯಿಂದ ಶುರು ಮಾಡ್ತೇನೆ. ಮಾತು ದೊಡ್ಡದಲ್ಲ, ನಿಜವೇ. ಮಳೆ ಕಡಿಮೆ ಇರುವ ಸೀಮೆಯಲ್ಲಿ ಹವಾಮಾನ ಮತ್ತು ಮನುಷ್ಯರ ಬಳಕೆ ಎರಡೂ ಸೇರಿ ನೆಲದ ಕಸುವು ಹೋಗುವುದನ್ನೇ ವಿಶ್ವಸಂಸ್ಥೆಯ 1994ರ ಒಪ್ಪಂದ ಮರುಭೂಮೀಕರಣ ಎಂದು ಲೆಕ್ಕ ಹಿಡಿಯುತ್ತದೆ. ಇಸ್ರೋದ 2018–19ರ ನಕ್ಷೆಯ ಪ್ರಕಾರ ದೇಶದಲ್ಲಿ 9.78 ಕೋಟಿ ಹೆಕ್ಟೇರ್, ಅಂದರೆ ಒಟ್ಟು ನೆಲದ ಶೇ 29.77 ಭಾಗ, ಹೀಗೆ ಕಸುವು ಕಳೆದುಕೊಂಡಿದೆ. ಕಾರಣಗಳಲ್ಲಿ ಮಳೆನೀರಿನ ಕೊಚ್ಚಣೆ ಮೊದಲನೆಯದು, ಗಿಡಗಂಟೆ ನಾಶ ಎರಡನೆಯದು, ಗಾಳಿ ಮೂರನೆಯದು. ನಿಮ್ಮ 6 ಎಕರೆಯಲ್ಲಿ ಗಾಳಿ, ನೀರು, ಉಪ್ಪು ಮೂರೂ ಒಟ್ಟಿಗೆ ಇವೆ. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನ ಇನ್ನೊಂದಕ್ಕೆ ಹಾಕಿದರೆ ದುಡ್ಡು ದಂಡ.

ಮರಳಿನ ಕಾರಣ ತಿಳಿಯಬೇಕಾದರೆ ನಮ್ಮ ಸೀಮೆಯ ಮಳೆಯನ್ನೂ ಗಾಳಿಯನ್ನೂ ಒಂದೇ ಕ್ಯಾಲೆಂಡರ್‌ನಲ್ಲಿ ಇಟ್ಟು ನೋಡಬೇಕು. ಅನಂತಪುರಕ್ಕೆ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ ಇರುವುದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ನೈರುತ್ಯದ ಗಾಳಿ ಬಿರುಸಾಗಿ ಬರುತ್ತದೆ, ಮಳೆ ಮಾತ್ರ ಕಡಿಮೆ. ನೆಚ್ಚಬಹುದಾದ ಮಳೆ ಸೆಪ್ಟೆಂಬರ್–ಅಕ್ಟೋಬರ್‌ನದು. ನಾವು ಹೊಲ ಹರಗಿ, ಕಸ ಆರಿಸಿ, ಮಣ್ಣನ್ನ ಹುಡಿ ಮಾಡಿ ಬೆತ್ತಲೆ ಬಿಡುವುದು ಮೇ–ಜೂನ್‌ನಲ್ಲಿ. ಗಾಳಿ ಅತಿ ಬಿರುಸು ಇರುವ ಮೂರು ತಿಂಗಳೇ ನೆಲಕ್ಕೆ ಹೊದಿಕೆ ಇಲ್ಲದ ಮೂರು ತಿಂಗಳು. ಅರ್ಧ ಕಾರಣ ಇಲ್ಲೇ ಇದೆ.

ಇನ್ನರ್ಧ ಹೊಳೆಯದು. ಹಗರಿಗೆ, ಅಂದರೆ ವೇದಾವತಿಗೆ, ಮೇಲೆ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ 1907ರಲ್ಲಿ ಆಯಿತು. ಆಂಧ್ರದೊಳಗೆ ಬಂದ ಮೇಲೆ ಭೈರವಾನಿತಿಪ್ಪ ಜಲಾಶಯ ಇದೆ. ಇವೆರಡರ ಜೊತೆಗೆ ಜಲಾನಯನದ ಸಾವಿರಾರು ಕೆರೆ, ಚೆಕ್‌ಡ್ಯಾಂ, ಬೋರ್‌ವೆಲ್. ಹಾಗಾಗಿ ಕೆಳಗಿನ ಹೊಳೆಪಾತ್ರ ಹೆಚ್ಚಿನ ವರ್ಷ ಒಣಗಿಯೇ ಇರುತ್ತದೆ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ತುಂಬಿ ಕೋಡಿ ಬಿದ್ದು ಹೊಳೆಗೆ ದೊಡ್ಡ ನೀರು ಬಂತು. ಅಂಥ ಒಂದು ಪ್ರವಾಹದಿಂದ ತೊಂದರೆ ತೀರುತ್ತೆ ಅಂತ ನಂಬಬೇಡಿ. ನೀರು ಇಳಿದ ಮೇಲೆ ಪಾತ್ರದಲ್ಲಿ ಉಳಿಯುವುದು ಹೊಸ, ಸಡಿಲ, ತೊಳೆದ ಮರಳು. ಮುಂದಿನ ಆಷಾಢಕ್ಕೆ ಅದೇ ಸರಕು. ದಂಡೆಯ ಲಕ್ಕಿ, ಈಚಲು, ಹೊಂಗೆ ಕಡಿದುಹೋದಲ್ಲಿ, ಮರಳು ತೋಡಿ ಪಾತ್ರದ ಮೇಲ್ಪದರ ಕೆದರಿದಲ್ಲಿ ಗಾಳಿಗೆ ತಡೆಯೇ ಇರುವುದಿಲ್ಲ.

ಮರಳು ಹಾರುವ ಬಗೆ ಗೊತ್ತಿದ್ದರೆ ಬೇಲಿ ಎಷ್ಟು ಎತ್ತರ ಬೇಕು ಅನ್ನೋದೂ ಗೊತ್ತಾಗುತ್ತದೆ. 0.1ರಿಂದ 0.5 ಮಿ.ಮೀ. ಕಾಳು, ಅಂದರೆ ರವೆಯಷ್ಟು ದಪ್ಪದ್ದು, ಕುಪ್ಪಳಿಸುತ್ತಾ ಸಾಗುತ್ತದೆ. ಒಟ್ಟು ಸಾಗಣೆಯ ಅರ್ಧದಿಂದ ಮುಕ್ಕಾಲು ಪಾಲು ಇದೇ, ಹೆಚ್ಚಿನದು ನೆಲದಿಂದ ಒಂದಡಿಯೊಳಗೆ. ಅದಕ್ಕಿಂತ ದಪ್ಪದ್ದು ಉರುಳುತ್ತದೆ. 0.1 ಮಿ.ಮೀ.ಗಿಂತ ಸಣ್ಣದು ದೂಳಾಗಿ ಮೇಲೇರಿ ಊರು ದಾಟಿ ಹೋಗುತ್ತದೆ. ನಷ್ಟ ದೊಡ್ಡದಿರುವುದು ಆ ದೂಳಿನಲ್ಲಿ. ಜೇಡಿ, ಸಾವಯವ ಅಂಶ, ಗೊಬ್ಬರದ ಸತ್ವ ಎಲ್ಲ ಸಣ್ಣ ಕಣಕ್ಕೇ ಅಂಟಿರುತ್ತವೆ. ಹೊಲಕ್ಕೆ ಬಂದ ಮರಳು ಕಣ್ಣಿಗೆ ಕಾಣುತ್ತದೆ, ಹೊಲದಿಂದ ಹೋದ ಜೇಡಿ ಕಾಣುವುದಿಲ್ಲ.

ನೆಲದಿಂದ ಒಂದಡಿ ಎತ್ತರದಲ್ಲಿ ಗಾಳಿ ಗಂಟೆಗೆ ಸುಮಾರು 20 ಕಿ.ಮೀ. ದಾಟಿದರೆ ಒಣ ಮರಳು ಏಳಲು ಶುರು. ಮರಳು ಹೊರುವ ಶಕ್ತಿ ವೇಗದ ಘನದ ಹಾಗೆ ಏರುತ್ತದೆ, ಇಳಿಯುವುದೂ ಹಾಗೇ. ವೇಗ ಅರ್ಧವಾದರೆ ಶಕ್ತಿ ಎಂಟರಲ್ಲೊಂದು ಪಾಲಾಗುತ್ತದೆ. ಆದ್ದರಿಂದ ಗಾಳಿಯನ್ನ ಪೂರ್ತಿ ನಿಲ್ಲಿಸುವ ಗೋಡೆ ಬೇಡ, ನಿಧಾನ ಮಾಡುವ ಬೇಲಿ ಸಾಕು.

ಬರೀ ಶೇಂಗಾ ಬೆಳೆಯುವುದರ ಬಗ್ಗೆಯೂ ನೇರವಾಗಿ ಹೇಳಬೇಕು. ಶೇಂಗಾ ಬೇರುಸಮೇತ ಕೀಳುವ ಬೆಳೆ. ಬಳ್ಳಿ, ಹೊಟ್ಟು ಎಲ್ಲ ದನಕ್ಕೆ ಹೋಗುತ್ತದೆ, ಹೊಲದಲ್ಲಿ ಕೂಳೆ ಅನ್ನುವುದೇ ಉಳಿಯುವುದಿಲ್ಲ. ವರ್ಷ ಬಿಡದೆ ಅದನ್ನೇ ಹಾಕಿದ ಮಸಾರಿ ನೆಲಕ್ಕೆ ನವೆಂಬರ್‌ನಿಂದ ಆಗಸ್ಟ್‌ವರೆಗೆ ಹೊದಿಕೆ ಸಿಗುವುದಿಲ್ಲ. ಇದರ ಮೇಲೆ ರೋಟಾವೇಟರ್ ಹೊಡೆದರೆ ಉಳಿದ ಹೆಂಟೆಯೂ ಹುಡಿ.

ಜಾಲಿಬೇಲಿ:

ಮೇಲಿನ ಸರ್ ಕಾರಣ ಸರಿಯಾಗಿ ಹೇಳ್ಯಾರ. ಕೆಲಸದ ಕ್ರಮ ಹೇಳ್ತೀನಿ ಅಣ್ಣ. ಮೊದಲು ಪಡುವಲ ಅಂಚು ಹಿಡೀರಿ. ಅಲ್ಲಿ ಮರಳು ನಿಲ್ಲೋವರೆಗೂ ಒಳಗೆ ಏನು ಹಾಕಿದ್ರೂ ಮುಚ್ಚಿಹೋಗ್ತೈತೆ.

ಗಾಳಿ ದಿಕ್ಕು ಕಣ್ಣಂದಾಜಿಗೆ ಬಿಡಬ್ಯಾಡ್ರಿ. ಮರಳ ದಿಬ್ಬನೇ ದಿಕ್ಕು ತೋರಿಸ್ತೈತೆ: ಇಳಿಜಾರು ನಿಧಾನ ಇರೋ ಮಗ್ಗುಲು ಗಾಳಿ ಬರೋ ಕಡೆ, ಕಡಿದಾದ ಮಗ್ಗುಲು ಗಾಳಿ ಹೋಗೋ ಕಡೆ. ಮರಳ ಮೇಲಿನ ಸಣ್ಣ ಅಲೆಗೆರೆಗಳು ಗಾಳಿಗೆ ಅಡ್ಡ ಇರ್ತಾವ. ಬೇಲಿ ಗೆರೆ ಆ ಅಲೆಗೆರೆ ಇದ್ದ ದಿಕ್ಕಿಗೇ ಹೋಗಬೇಕು. ನಿಮ್ಮ ಕಡೆ ಅದು ಹೆಚ್ಚು ಕಮ್ಮಿ ತೆಂಕ–ಬಡಗ ಆಗ್ತೈತೆ.

ಬೇಲಿಗೆ ಬಳ್ಳಾರಿ ಜಾಲಿ ಕೊಂಬೆ ಸಾಕು. ಒಂದಡಿ ಆಳದ ಕಾಲುವೆ ತೋಡಿ, ಮೂರೂವರೆ ನಾಲ್ಕಡಿ ಕೊಂಬೆ ನೆಟ್ಟಗೆ ನಿಲ್ಲಿಸಿ ಬುಡ ತುಳೀರಿ. ಮೇಲೆ ಎರಡೂವರೆ ಅಡಿ ಕಾಣ್ಬೇಕು. ದಟ್ಟ ಎಷ್ಟು ಅಂದ್ರೆ, ಹತ್ತು ಹೆಜ್ಜೆ ದೂರ ನಿಂತು ನೋಡಿದ್ರೆ ಆಚೆ ಕಡೆ ಅರ್ಧ ಕಾಣ್ಬೇಕು, ಅರ್ಧ ಮರೆಯಾಗ್ಬೇಕು. ಇದರಲ್ಲೇ ಬಹಳ ಮಂದಿ ಎಡವೋದು. ತಗಡು, ಪ್ಲಾಸ್ಟಿಕ್ ಹಾಳೆ, ದಪ್ಪ ಗೋಡೆ ಕಟ್ಟಿದ್ರೆ ಗಾಳಿ ಮೇಲೇರಿ ಹಿಂದುಗಡೆ ಸುಳಿ ಹೊಡೆದು ಬುಡನೇ ಕೆರೀತೈತೆ. ಸಂದು ಇರೋ ಬೇಲಿ ತನ್ನ ಎತ್ತರದ ಹತ್ತುಪಟ್ಟು ದೂರಕ್ಕೆ ಚೆನ್ನಾಗಿ ಕಾಯ್ತೈತೆ. ಎರಡೂವರೆ ಅಡಿಗೆ 25 ಅಡಿ. ಹಾಗಾಗಿ ಸಾಲಿಂದ ಸಾಲಿಗೆ 15ರಿಂದ 20 ಅಡಿ ಬಿಟ್ಟು ಮೂರು ಸಾಲು ಹಾಕ್ರಿ. ಮೇ ತಿಂಗಳ ಕೊನೆಯೊಳಗೆ ಕೆಲಸ ಮುಗೀಬೇಕು, ಜೂನ್ ಗಾಳಿ ಶುರುವಾದ ಮೇಲೆ ಕಾಲುವೆ ತೋಡಿದ್ರೆ ಕಣ್ಣೆದುರೇ ತುಂಬ್ಕೊಂಡು ಹೋಗ್ತೈತೆ.

ಮೊದಲ ಸಾಲು ಹೊಲದ ಒಳಗೆ ಹಾಕಬ್ಯಾಡ್ರಿ. ಬೇಲಿ ಅಂದ್ರೆ ಮರಳು ರಾಶಿ ಹಾಕೋ ಜಾಗ. ಎಲ್ಲಿ ರಾಶಿ ಬಿದ್ರೆ ಅಡ್ಡಿ ಇಲ್ಲವೋ ಅಲ್ಲಿ, ಹೊಳೆ ಕಡೆ ಬದುವಿನಾಚೆ ಶುರು ಮಾಡ್ರಿ. ಮೂರನೇ ಎರಡು ಪಾಲು ಹೂತುಹೋದ ಬೇಲಿ ಕೀಳಬಾರದು, ಅದರ ನೆತ್ತಿ ಮೇಲೆ ಹೊಸ ಸಾಲು ನಿಲ್ಲಿಸಬೇಕು. ಕಿತ್ತರೆ ಅಷ್ಟು ದಿನ ಹಿಡಿದ ಮರಳೆಲ್ಲ ಒಂದೇ ವಾರದಲ್ಲಿ ಒಳಗೆ. ಸಾಲಿನ ನಡುವೆ ಬಂಡಿ ದಾರಿ ಬಿಡೋದಾದ್ರೆ ನೇರ ಸಂದು ಬಿಡದೆ ಓರೆ ಬಿಡ್ರಿ, ನೇರ ಸಂದಿನಲ್ಲಿ ಗಾಳಿ ಇನ್ನೂ ಬಿರುಸಾಗ್ತೈತೆ.

ಕೊಂಬೆ ಬೇಲಿ ಬಾಳೋದು ಎರಡು ಮೂರು ವರ್ಷ. ಅಷ್ಟರೊಳಗೆ ಅದರ ಹಿಂದೆ ಜೀವ ಇರೋ ಬೇಲಿ ಎದ್ದಿರಬೇಕು. ಗಿಡ ನೆಡೋಕೆ ಮೃಗಶಿರಾ ಅಲ್ಲ, ಉತ್ತರೆ–ಹಸ್ತ ಮಳೆ ಹೊತ್ತು ಸರಿ: ಗಾಳಿ ತಗ್ಗಿರ್ತೈತೆ, ಮಳೆ ಇರ್ತೈತೆ. ಮರಳಿನಲ್ಲಿ ಮೇಲಿನ ಒಂದಡಿ ಒಣಗಿದ್ರೂ ಕೆಳಗೆ ತೇವ ಉಳೀತೈತೆ. ಅದಕ್ಕೇ ಎರಡಡಿ ಆಳದ ಗುಂಡಿ, ಎರಡೂವರೆ ಅಡಿ ಎತ್ತರದ ಗಟ್ಟಿ ಸಸಿ. ಗುಂಡಿಗೆ ಎರಡು ಬುಟ್ಟಿ ಕೆರೆಗೋಡು, 10 ಕೆ.ಜಿ. ತಿಪ್ಪೆಗೊಬ್ಬರ. ನರ್ಸರಿಯ ಮೊಳದುದ್ದ ಸಸಿ ಹಾಕಿದ್ರೆ ಮೊದಲ ಗಾಳಿಗೇ ಮುಳುಗ್ತೈತೆ.

ಹೊಳೆ ಕಡೆ ಮೊದಲ ಸಾಲು ಕತ್ತಾಳೆ ಮತ್ತು ಲಕ್ಕಿ, ಮೂರಡಿಗೊಂದು. ಎರಡನೇ ಸಾಲು ಬೇವು, ಹೊಂಗೆ, 10 ಅಡಿಗೊಂದು. ಮೂರನೇ ಸಾಲು ಬನ್ನಿ ಅಥವಾ ಸೀತಾಫಲ, ಎರಡನೇ ಸಾಲಿನ ಸಂದಿಗೆ ಎದುರಾಗಿ. ಮರ ಮಾತ್ರ ಹಾಕಿ ಬುಡ ಖಾಲಿ ಬಿಟ್ರೆ ಮರಳು ಕಾಂಡದ ನಡುವೆ ನುಸುಳಿ ಬರ್ತೈತೆ, ಕುಪ್ಪಳಿಸೋ ಮರಳು ಇರೋದೇ ಒಂದಡಿಯೊಳಗೆ ಅಲ್ಲಾ? ಎರಡು ಬೇಸಿಗೆ 15 ದಿನಕ್ಕೆ 10 ಲೀಟರ್ ನೀರು ಬೇಕು. ಮೇಲೆ ಸುರಿಯೋ ಬದಲು ಗಿಡದ ಪಕ್ಕ ಒಂದೂವರೆ ಅಡಿ ಪೈಪ್ ತುಂಡು ಹೂತು ಅದರೊಳಗೆ ಬಿಡ್ರಿ. ಸರ್ವೆ ಮರ ಹಾಕಬಹುದು ಅಂತ ಯಾರಾದ್ರೂ ಹೇಳ್ತಾರ. ನೀರಿದ್ರೆ ಸರಿ, ಇಲ್ಲದಿದ್ರೆ ಬ್ಯಾಡ. ನೀಲಗಿರಿ ಅಂತೂ ಬೆಳೆ ಅಂಚಿಗೆ ಬ್ಯಾಡವೇ ಬ್ಯಾಡ.

ಮರ ದೊಡ್ಡದಾದ ಮೇಲೆ ಬೇರು ಹೊಲಕ್ಕೆ ನುಗ್ಗಿ ಅಂಚಿನ ಬೆಳೆ ಸೊರಗ್ತೈತೆ. ಮರದ ಸಾಲಿಗೂ ಬೆಳೆಗೂ ನಡುವೆ ಎರಡೂವರೆ ಅಡಿ ಆಳದ ಕಾಲುವೆ ಇಟ್ರೆ ಬೇರು ತಡೀತೈತೆ, ಎರಡು ವರ್ಷಕ್ಕೊಮ್ಮೆ ಕೆರೀಬೇಕು.

ಆ ಎರಡು ಎಕರೆಗೆ ಮೂರು ವರ್ಷ ಶೇಂಗಾ ಮರೆತುಬಿಡ್ರಿ. ಗಾಳಿ ತಗ್ಗಿದ ಮೇಲೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ನಲ್ಲಿ ಹುರುಳಿ ಬಿತ್ರಿ, ಎಕರೆಗೆ 8ರಿಂದ 10 ಕೆ.ಜಿ. ಇಲ್ಲವೇ ಮೇವಿಗೆ ಅಂಜನ್ ಹುಲ್ಲು ಮತ್ತು ಸ್ಟೈಲೋ ಸೇರಿಸಿ ಹಾಕ್ರಿ. ಅಂಜನ್ ಬೀಜ ಎಕರೆಗೆ 2 ಕೆ.ಜಿ., ಹಗುರ ಬೀಜ ಅದು, ಒದ್ದೆ ಮಣ್ಣಿಗೆ ಕಲಸಿ ಉಂಡೆ ಮಾಡದಿದ್ರೆ ಬೀಜವೇ ಹಾರಿ ಹೋಗ್ತೈತೆ.

ಲೆಕ್ಕದ_ಚೀಟಿ:

ಮರಳು ತೆಗೆಸುವ ಲೆಕ್ಕ ಮಾತ್ರ ಹೇಳಿ ಹೋಗುತ್ತೇನೆ. ಒಂದು ಎಕರೆ 4,047 ಚದರ ಮೀಟರ್. ಅದರ ಮೇಲೆ 5 ಸೆಂ.ಮೀ. ಮರಳು ಅಂದರೆ 200 ಘನ ಮೀಟರ್. ಟ್ರ್ಯಾಲಿಗೆ 3 ಘನ ಮೀಟರ್ ಹಿಡಿದರೆ 67 ಟ್ರಿಪ್. ನಿಮ್ಮ ನಾಲ್ಕು ಬೆರಳು ಹೆಚ್ಚುಕಡಿಮೆ 7 ಸೆಂ.ಮೀ., ಎರಡು ಎಕರೆಗೆ 190 ಟ್ರಿಪ್ ಹತ್ತಿರ ಆಗುತ್ತದೆ. ತುಂಬುವ ಯಂತ್ರದ ಬಾಡಿಗೆ, ಡೀಸೆಲ್ ಬೇರೆ. ಬೇಲಿ ಇಲ್ಲದೆ ಇದನ್ನ ಮಾಡಿಸಿದರೆ ಮುಂದಿನ ವರ್ಷ ಮತ್ತೆ ಅಷ್ಟೇ ಬರುತ್ತದೆ.

ಹೊರಗೆ ಸಾಗಿಸಿ ಮಾರುವ ಯೋಚನೆ ಇದ್ದರೆ ಎರಡು ಮಾತು. ಮರಳು ಉಪಖನಿಜ, ಸ್ವಂತ ಹೊಲದ್ದಾದರೂ ಸಾಗಣೆಗೆ ಮೊದಲು ಗಣಿ ಇಲಾಖೆಯಲ್ಲಿ ವಿಚಾರಿಸಿ. ಎರಡನೆಯದು, ಗಾಳಿ ತಂದ ಮರಳು ತೀರ ಸಣ್ಣ, ಒಂದೇ ಗಾತ್ರದ ಕಾಳು. ಕಾಂಕ್ರೀಟ್‌ಗೆ ಒಗ್ಗುವುದಿಲ್ಲ, ಬೆಲೆ ಸಿಗುವುದಿಲ್ಲ.

ತೆಗೆಯುವ ಮುಂಚೆ ನಾಲ್ಕೈದು ಕಡೆ ಒಂದೂವರೆ ಅಡಿ ಗುಂಡಿ ತೋಡಿ ನೋಡಿ. ಮರಳಿನ ಪದರ ಮೂರು ನಾಲ್ಕು ಇಂಚಿನೊಳಗಿದ್ದು ಕೆಳಗೆ ಎರೆ ಅಥವಾ ಜೇಡಿ ಕೆಂಪು ಸಿಕ್ಕರೆ ಸಾಗಿಸುವ ಅಗತ್ಯವೇ ಇಲ್ಲ. ಮಗುಚುವ ನೇಗಿಲು, ಅಂದರೆ ಎಂಬಿ ಪ್ಲೌ, ಒಂದಡಿ ಆಳಕ್ಕೆ ಹೊಡೆಸಿದರೆ ಕೆಳಗಿನ ಜೇಡಿ ಮೇಲೆ ಬಂದು ಬೆರೆಯುತ್ತದೆ. ಇದೂ ಗಾಳಿಗಾಲ ಮುಗಿದ ಮೇಲೆ, ಸೆಪ್ಟೆಂಬರ್ ಹದದಲ್ಲಿ. ಕೆಳಗೂ ಮರಳೇ ಇದ್ದರೆ ಮಗುಚಿ ಪ್ರಯೋಜನ ಇಲ್ಲ. ಒಂದಡಿ ಮರಳು ಬೆಳೆಗೆ ಸಿಗುವ ನೀರು ಹಿಡಿಯುವುದು 2 ಸೆಂ.ಮೀ. ಆಸುಪಾಸು, ಒಂದಡಿ ಎರೆ 5 ಸೆಂ.ಮೀ.ವರೆಗೆ ಹಿಡಿಯುತ್ತದೆ. ವಾರ ಮಳೆ ತಪ್ಪಿದರೆ ಬೆಳೆ ಬಾಡುವುದೂ ನಿಲ್ಲುವುದೂ ಈ ವ್ಯತ್ಯಾಸದಿಂದ.

ಕೆರೆದ ಮರಳನ್ನ ಪಡುವಲ ಬದುವಿನ ಮೇಲೆ ಏರಿಸಬೇಡಿ. ಮೊದಲ ಗಾಳಿಗೆ ವಾಪಸ್ ಬರುತ್ತದೆ.

ಬಸಿಗಾಲುವೆ:

ಮೂಡಲಿನ ಎರಡು ಎಕರೆ ಬಗ್ಗೆ. ಬಿಳಿ ಪೊರೆ ಕಂಡ ತಕ್ಷಣ ಜಿಪ್ಸಂ ಸುರಿಯುವುದು ಈ ಕಾಲುವೆಯ ಕೆಳಗಿನ ಹೊಲಗಳಲ್ಲಿ ಅತಿ ದುಬಾರಿ ತಪ್ಪು. ಬಿಳಿ ಪೊರೆ ಸಾಮಾನ್ಯವಾಗಿ ಬರೀ ಉಪ್ಪಿನ ಗುರುತು. ಉಪ್ಪಿಗೆ ಜಿಪ್ಸಂ ಮದ್ದಲ್ಲ. ಜಿಪ್ಸಂ ತಾನೇ ಒಂದು ಲವಣ. ಅದು ಬೇಕಾಗುವುದು ಮಣ್ಣಿನ ಜೇಡಿಗೆ ಸೋಡಿಯಂ ಅಂಟಿಕೊಂಡಾಗ ಮಾತ್ರ. ಅಂಥ ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು, ನಿಂತ ನೀರು ದಿನಗಟ್ಟಲೆ ಇಳಿಯದೆ ಕಂದಾಗಿ ಇರುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ: ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತೆಗೆದುಕೊಂಡು, ಗೋಲಿಯಷ್ಟು ಒಣ ಹೆಂಟೆ ಮೆಲ್ಲನೆ ಬಿಡಿ, ಅಲುಗಿಸಬೇಡಿ. ಕೆಲವು ಗಂಟೆ ಬಿಟ್ಟು ನೋಡಿದಾಗ ಹೆಂಟೆ ಕುಸಿದು ನೀರು ತಿಳಿಯಾಗೇ ಇದ್ದರೆ ಸೋಡಿಯಂ ಕಾಟ ಇಲ್ಲ. ಸುತ್ತ ಹಾಲಿನ ಹಾಗೆ ಕದಡಿದರೆ ಸೋಡಿಯಂ ಇದೆ. ಬೋರ್ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರ ಲವಣದಿಂದ ಫಲ ತಪ್ಪು ಬರುತ್ತದೆ. ಉಪ್ಪು ತುಂಬ ಇರುವ ಮಣ್ಣಿನಲ್ಲೂ ಸೋಡಿಯಂ ಮರೆಯಾಗಿರಬಹುದು, ಹಾಗಾಗಿ ಇದು ಮೊದಲ ಸುಳಿವು ಮಾತ್ರ, ಪ್ರಯೋಗಾಲಯದ ಫಲಿತಾಂಶ ಬೇಕೇ ಬೇಕು.

ಮಾದರಿ ಏಪ್ರಿಲ್–ಮೇನಲ್ಲಿ ತೆಗೆಯಿರಿ. 0–15, 15–30, 30–60 ಸೆಂ.ಮೀ. ಮೂರು ಆಳ, ಸತ್ತ ಜಾಗದ್ದು ಬೇರೆ, ಬೆಳೆ ನಿಂತ ಜಾಗದ್ದು ಬೇರೆ. ಎರಡನ್ನೂ ಬೆರೆಸಿದರೆ ವರದಿ ಯಾವ ಜಾಗಕ್ಕೂ ಹೊಂದುವುದಿಲ್ಲ. ಕೇಳಬೇಕಾದದ್ದು ಪಿಎಚ್, ಇ.ಸಿ. (ಉಪ್ಪಿನ ಅಳತೆ), ಇ.ಎಸ್.ಪಿ. (ಜೇಡಿಗೆ ಅಂಟಿದ ಸೋಡಿಯಂನ ಶೇಕಡಾ ಪಾಲು) ಮತ್ತು ಜಿಪ್ಸಂ ಅಗತ್ಯ. ಮಣ್ಣಿನ ಆರೋಗ್ಯ ಕಾರ್ಡಿನಲ್ಲಿ ಮೊದಲೆರಡು ಮಾತ್ರ ಬರುತ್ತವೆ, ಉಳಿದವನ್ನ ಬಾಯಿಬಿಟ್ಟು ಕೇಳಿ. ನೆನೆಸಿದ ಮಣ್ಣಿನಿಂದ ಸಾರ ತೆಗೆದ ನೀರಿನ ಇ.ಸಿ. 4 ದಾಟಿದರೆ ಉಪ್ಪು ನೆಲ, ಇ.ಎಸ್.ಪಿ. 15 ದಾಟಿದರೆ ಸೋಡಿಯಂ ನೆಲ. ಎರಡೂ ದಾಟಿರುವುದೂ ಉಂಟು. ಸವಳು ನೆಲದ ವಿಷಯದಲ್ಲಿ ಗಂಗಾವತಿಯ ಸಂಶೋಧನಾ ಕೇಂದ್ರದವರು ತುಂಗಭದ್ರಾ ಅಚ್ಚುಕಟ್ಟಿನಲ್ಲೇ ಕೆಲಸ ಮಾಡಿದವರು, ಜಿಲ್ಲೆ ಬೇರೆಯಾದರೂ ಮಣ್ಣು ಅದೇ.

ಇದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಹೊಲದ ತಗ್ಗಿನಲ್ಲಿ 5 ಅಡಿ ಗುಂಡಿ ತೋಡಿ ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ನೀರು ನಿಂತಿದ್ದರೆ ಅಸಲು ರೋಗ ಜವಳು. ಕಾಲುವೆ ಸೋರಿಕೆ ಮತ್ತು ಭತ್ತದ ನೀರು ಕೆಳಗೆ ಸೇರಿ ಮಟ್ಟ ಮೇಲೆದ್ದಿದೆ. ಬೇಸಿಗೆಯಲ್ಲಿ ಆ ನೀರು ಮಣ್ಣಿನ ಸಣ್ಣ ರಂಧ್ರದಲ್ಲಿ ಮೇಲೇರಿ ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಹಾಗಿದ್ದಾಗ ಬಸಿಗಾಲುವೆ ಇಲ್ಲದೆ ಜಿಪ್ಸಂ, ಗೊಬ್ಬರ, ಹಸಿರೆಲೆ ಯಾವುದೂ ನಿಲ್ಲುವುದಿಲ್ಲ. ಕಾಲುವೆ ಮಗ್ಗುಲಿಗೆ ಸೋರಿಕೆ ಹಿಡಿಯುವ ಒಂದು ಕಾಲುವೆ, ತಗ್ಗಿನ ಅಂಚಿಗೆ ನೀರು ಹೊರಹಾಕುವ ಇನ್ನೊಂದು, ಎರಡೂ 4ರಿಂದ 5 ಅಡಿ ಆಳ. ನೀರು ಹೋಗಿ ಸೇರಲು ಹಳ್ಳ ಇರಬೇಕು, ಪಕ್ಕದವರ ಹೊಲಕ್ಕೆ ಬಿಡುವುದಲ್ಲ.

ಬಸಿಯುವ ದಾರಿ ಆದ ಮೇಲೆ ತೊಳೆಯುವುದು. ನೆಲ ಸಮ ಮಾಡಿ, ಗಟ್ಟಿ ಬದು ಹಾಕಿ, ನೀರು ನಿಲ್ಲಿಸಿ ಇಂಗಿಸಬೇಕು. ಒಂದಡಿ ಮಣ್ಣಿನ ಉಪ್ಪಿನಲ್ಲಿ ಸುಮಾರು ಶೇ 80 ಕೆಳಗಿಳಿಯಲು ಒಂದಡಿ ನೀರು ಆ ಮಣ್ಣಿನ ಮೂಲಕ ಹಾದು ಹೋಗಬೇಕು. ಇದಕ್ಕೆ ಕಾಲುವೆ ನೀರೇ ಆಗಬೇಕು. ಬೋರ್ ನೀರಿನ ಆರ್.ಎಸ್.ಸಿ. (ನೀರಿನಲ್ಲಿ ಉಳಿಯುವ ಸೋಡಿಯಂ ಕಾರ್ಬೊನೇಟ್‌ನ ಅಳತೆ) 2.5 ದಾಟಿದ್ದರೆ ಅದು ತಾನೇ ಸೋಡಿಯಂ ಕಟ್ಟುತ್ತದೆ. ಸೋಡಿಯಂ ನೆಲವಾದರೆ ಮಾತ್ರ ಜಿಪ್ಸಂ: ವರದಿಯ ಅಗತ್ಯದಲ್ಲಿ ಅರ್ಧದಷ್ಟು, 2 ಮಿ.ಮೀ. ಜರಡಿಯಲ್ಲಿ ಇಳಿಯುವ ಪುಡಿ, ಮೇಲಿನ 10 ಸೆಂ.ಮೀ.ಗೆ ಬೆರೆಸಿ, 10–12 ದಿನ ನೀರು ನಿಲ್ಲಿಸಿ ಬಸಿಯಿರಿ. ಆಮೇಲೆ ಹಸಿರೆಲೆ ಗೊಬ್ಬರದ ಡಯಾಂಚ ಬಿತ್ತಿ 45–50 ದಿನಕ್ಕೆ ಮಗುಚಿ.

ಅಲ್ಲಿಯವರೆಗೆ ಬೆಳೆ ಬದಲಿಸಿ. ಇಳುವರಿ ಕುಗ್ಗಲು ಶುರುವಾಗುವ ಇ.ಸಿ. ಮಟ್ಟ ಭತ್ತಕ್ಕೆ 3, ಶೇಂಗಾಕ್ಕೆ 3.2, ಜೋಳಕ್ಕೆ 6.8, ಹತ್ತಿಗೆ 7.7. ಉಪ್ಪಿನ ನೆಲಕ್ಕೆ ಭತ್ತವೇ ಸರಿ ಅನ್ನುವ ಮಾತು ನಿಂತ ನೀರು ಉಪ್ಪನ್ನ ಕೆಳಗೊತ್ತುವುದರಿಂದ ಬಂದದ್ದು. ಬಸಿಯುವ ದಾರಿ ಇಲ್ಲದಲ್ಲಿ ಅದೇ ನೀರು ಮುಂದಿನ ಬೇಸಿಗೆಗೆ ಉಪ್ಪನ್ನ ವಾಪಸ್ ತರುತ್ತದೆ.

ಮಡಕಶಿರಾ_ಮಸಾರೆ:

ನಡುವಿನ ಎರಡೆಕರೆ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ಕಡೆ ಮರಳು ಇಲ್ಲ, ಆದರೆ ಗರಸು ಏಳೋದು ಊರೂರಿಗೂ ಐತೆ. ಅದು ಮಳೆನೀರಿನ ಕೆಲಸ. ಎಕರೆಗೆ 1 ಮಿ.ಮೀ. ಮಣ್ಣು ಹೋದರೆ 4 ಘನ ಮೀಟರ್, ತೂಕ ಸುಮಾರು 6 ಟನ್. ಕಣ್ಣಿಗೆ ಗೊತ್ತೇ ಆಗಲ್ಲ. ದೇಶದ ಸರಾಸರಿ ಕೊಚ್ಚಣೆ ಹೆಕ್ಟೇರಿಗೆ ವರ್ಷಕ್ಕೆ 16 ಟನ್ ಅಂತ 1983ರಲ್ಲೇ ಲೆಕ್ಕ ಮಾಡವ್ರೆ, ಎಕರೆ ಲೆಕ್ಕಕ್ಕೆ ತಂದರೆ ಅದೂ ಹೆಚ್ಚುಕಡಿಮೆ ಇಷ್ಟೇ ಆಗುತ್ತೆ. ಹತ್ತಿಪ್ಪತ್ತು ವರ್ಷಕ್ಕೆ ಒಂದು ಬೆರಳು ದಪ್ಪ ಮಣ್ಣು ಹೋಗಿ ಗರಸು ಮೇಲೆ ಬರುತ್ತೆ.

ಇಳಿಜಾರಿಗೆ ಅಡ್ಡ ಬಿತ್ತಿ. ಎಂಟು ಸಾಲು ಕಳ್ಳೆಕಾಯಿಗೆ ಒಂದು ಸಾಲು ತೊಗರಿ ಹಾಕಿ, 12 ಅಡಿಗೊಂದು ಆಳದ ಸಾಲು ಎಳೆದು ಬಿಟ್ಟರೆ ನೀರು ಅಲ್ಲೇ ನಿಲ್ಲುತ್ತೆ. ತೊಗರಿ ಕೊಯ್ದ ಮೇಲೆ ಕಟ್ಟಿಗೆ ಬುಡ ಬೇಸಿಗೆ ಪೂರ್ತಿ ನಿಂತಿರಲಿ. ಒಂದು ವರ್ಷ ಬಿಟ್ಟು ಒಂದು ವರ್ಷ ಸಜ್ಜೆ ಅಥವಾ ನವಣೆ. ಸಜ್ಜೆಯನ್ನ ಬುಡಕ್ಕೆ ಕೊಯ್ಯದೆ ಒಂದಡಿ ಕೂಳೆ ಬಿಟ್ಟು ಮುಂದಿನ ಜುಲೈವರೆಗೆ ನಿಲ್ಲಿಸಿದರೆ ಆಷಾಢದ ಗಾಳಿಗೂ ಅದೇ ತಡೆ. ಕೂರಿಗೆಯನ್ನ ಕೂಳೆ ಸಾಲಿನ ನಡುವೆಯೇ ಓಡಿಸಿ.

ಕೆರೆಗೋಡು ಹೊಡೆಸುವುದಾದರೆ ಎಕರೆಗೆ 1 ಸೆಂ.ಮೀ. ದಪ್ಪಕ್ಕೆ 40 ಘನ ಮೀಟರ್, 13–14 ಟ್ರ್ಯಾಲಿ. ಮೊದಲು ಗೋಡನ್ನ ಪರೀಕ್ಷೆ ಮಾಡಿಸಿ, ಕಾಲುವೆ ಬಸಿನೀರು ಸೇರುವ ಕೆರೆಯ ಗೋಡಿನಲ್ಲಿ ಉಪ್ಪಿರಬಹುದು. ಕೆರೆಯಲ್ಲೂ ತೂಬಿನ ಹತ್ತಿರದ ಸಣ್ಣ ಜೇಡಿ ಬೇಕು, ನೀರು ಬರೋ ಬಾಯಲ್ಲಿ ಸಿಗೋದು ಮರಳೇ.

ಕುರಿ ಮಂದೆ ನಿಲ್ಲಿಸೋದು ಇಲ್ಲಿ ಮಾತ್ರ, ಅದೂ ನವೆಂಬರ್–ಜನವರಿಯಲ್ಲಿ. ಮರಳು ಕೂತ ಹೊಲಕ್ಕೆ ಮಂದೆ ಬಿಟ್ಟರೆ ಗೊಬ್ಬರಕ್ಕಿಂತ ಗೊರಸಿನ ಕೆದರಾಟವೇ ಹೆಚ್ಚು.

ಹಗರಿ_ದಂಡೆ:

ಎಲ್ಲರಿಗೂ ಕೈ ಮುಗಿದು ಹೇಳ್ತೀನಿ, ಇಷ್ಟು ವಿವರ ಯಾವ ಸಭೆಯಲ್ಲೂ ಸಿಕ್ಕಿರಲಿಲ್ಲ. ಮೂರು ವಿಷಯ ಉಳಿದಿವೆ. ಬದುವಿನಾಚೆ ಹೊಳೆ ಪೋರಂಬೋಕು (ಸರ್ಕಾರಿ ನೆಲ), ಅಲ್ಲಿ ಬೇಲಿ ಹಾಕಬಹುದಾ? ಎರಡೂ ಪಕ್ಕದ ಹೊಲದವರು ಏನೂ ಮಾಡ್ತಿಲ್ಲ, ಒಬ್ಬರೇ ಮಾಡಿದರೆ ನಿಲ್ಲುತ್ತಾ? ಜಿಪ್ಸಂ 20 ಚೀಲ ತಂದು ಇಟ್ಟಾಗಿದೆ, ಅದನ್ನೇನು ಮಾಡೋದು? ಇನ್ನೊಂದು ಮಾತು, ದಂಡೆ ಮೇಲಿನ ಬಳ್ಳಾರಿ ಜಾಲಿನ ಬೇರುಸಮೇತ ಕೀಳಿಸಬೇಕು ಅಂತ ಊರಲ್ಲಿ ಮಾತು ನಡೆದಿದೆ.

ಬಸಿಗಾಲುವೆ:

20 ಚೀಲ ಅಂದರೆ 1 ಟನ್. ಅದನ್ನ ಮೂಡಲ ಹೊಲಕ್ಕೆ ಈಗ ಹಾಕಬೇಡಿ. ನಡುವಿನ ಎರಡೆಕರೆ ಶೇಂಗಾಕ್ಕೆ ಎಕರೆಗೆ 200 ಕೆ.ಜಿ., ಹೂವಾಡುವ ಹೊತ್ತಿಗೆ ಸಾಲಿನ ಬುಡಕ್ಕೆ ಹಾಕಿ ಮಣ್ಣು ಏರಿಸಿ. ಕಾಯಿ ಗಟ್ಟಿಯಾಗಲು ಬೇಕಾದ ಸುಣ್ಣದಂಶ, ಗಂಧಕ ಎರಡೂ ಅದರಲ್ಲಿವೆ, ತೇವ ಇದ್ದಾಗ ಹಾಕಬೇಕು. ಉಳಿದದ್ದನ್ನ ಒಣಗಿದ ಜಾಗದಲ್ಲಿ ಹಲಗೆಯ ಮೇಲೆ ಇಡಿ, ಹಾಳಾಗುವುದಿಲ್ಲ.

ಮಣ್ಣು_ನೀರು:

ಒಬ್ಬರೇ ಮಾಡಿದರೆ ನಿಮ್ಮ ಹೊಲದ ಮಟ್ಟಿಗೆ ಸಾಕಷ್ಟು ನಿಲ್ಲುತ್ತದೆ. ಆದರೆ ಬೇಲಿಯ ಎರಡೂ ತುದಿಯಲ್ಲಿ ಗಾಳಿ ಬಳಸಿ ಬಿರುಸಾಗುತ್ತದೆ, ಅಲ್ಲಿ ಪಕ್ಕದವರ ಹೊಲ ಕೆರೆಯುತ್ತದೆ. ತುದಿಗಳನ್ನ ಹಿಂದಕ್ಕೆ ಬಾಗಿಸಿ ಪಕ್ಕದ ಬದುವಿನ ಮೇಲೆ 10–15 ಮೀಟರ್ ಎಳೆದರೆ ನಿಮ್ಮ ಹೊಲಕ್ಕೆ ಮಗ್ಗುಲಿಂದ ನುಗ್ಗುವುದು ತಪ್ಪುತ್ತದೆ, ಅವರ ನಷ್ಟ ತಪ್ಪುವುದಿಲ್ಲ. ಆದ್ದರಿಂದ ಅವರಿಬ್ಬರನ್ನ ಈಗಲೇ ಕೂರಿಸಿ ಮಾತಾಡಿ. ಆಮೇಲೆ ಜಗಳವಾದರೆ ಬೇಲಿಗೇ ಬೆಂಕಿ ಬೀಳುತ್ತದೆ. ಪೋರಂಬೋಕಿನಲ್ಲಿ ನಿಮ್ಮಷ್ಟಕ್ಕೆ ಹಾಕಬೇಡಿ, ಒತ್ತುವರಿ ಅನ್ನುತ್ತಾರೆ. ಮೂರ್ನಾಲ್ಕು ಹೊಲದವರ ಸಹಿಯಿಂದ ಪಂಚಾಯ್ತಿ ಠರಾವು ಮಾಡಿಸಿ ತಹಸೀಲ್ದಾರರಿಗೆ ಕೊಡಿ, ದಂಡೆ ನೆಡುತೋಪನ್ನ ಉದ್ಯೋಗ ಖಾತ್ರಿ ಕೆಲಸದಲ್ಲಿ ಸೇರಿಸಲು ಕೇಳಿ. ಅದಾಗುವವರೆಗೆ ಮೊದಲ ಸಾಲು ನಿಮ್ಮ ಬದುವಿನ ಮೇಲೇ ಇರಲಿ, ಪಡುವಲಿನ 20 ಅಡಿ ನೆಲ ಮರಳಿಗೆ ಬಿಟ್ಟುಕೊಡಿ. ಆ 20 ಅಡಿಯಿಂದ ಉಳಿದ ಎರಡೆಕರೆ ಉಳಿಯುತ್ತದೆ.

ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಅನ್ನೋದನ್ನೂ ಪಕ್ಕದವರಿಗೆ ಹೇಳಿ. ಮರಳು ಕೂತ ಹೊಲದಲ್ಲಿ ಗಿಡ ಇಲ್ಲ, ಗಿಡ ಇಲ್ಲದ್ದರಿಂದ ಮರಳು ಇನ್ನೂ ಒಳಗೆ. ಮೇವು ಹೋದರೆ ದನ ಹೋಗುತ್ತದೆ, ದನ ಹೋದರೆ ತಿಪ್ಪೆಗೊಬ್ಬರ ಇಲ್ಲ, ಮಸಾರಿಯ ನೀರು ಹಿಡಿಯುವ ಗುಣ ಹೋಗಿ ಬೋರ್ ಮೇಲೆ ಭಾರ ಬೀಳುತ್ತದೆ. ಆಳದ ಬೋರ್ ನೀರು ಉಪ್ಪಾದರೆ ಅದು ಕಾಲುವೆ ಇಲ್ಲದ ಹೊಲವನ್ನೂ ಸವಳು ಮಾಡುತ್ತದೆ. ಬೆಂಗಳೂರಿಗೆ ಗುಳೆ ಹೋದ ಮನೆಯ ಹೊಲ ಬೀಳುಬಿದ್ದು, ಅದರ ಮರಳು ಪಕ್ಕದ ಹೊಲಕ್ಕೆ ಸಾಗುತ್ತದೆ. ಹೊಲ ಒಂದೊಂದಾಗಿ ಹೋಗುವುದಿಲ್ಲ, ಸಾಲಾಗಿ ಹೋಗುತ್ತವೆ.

ಜಾಲಿಬೇಲಿ:

ದಂಡೆ ಮೇಲಿನ ಜಾಲಿ ಈಗಲೇ ಕೀಳಿಸಬ್ಯಾಡ್ರಿ ಅಣ್ಣ, ಸಭೆಯಲ್ಲಿ ಗಟ್ಟಿಯಾಗಿ ಹೇಳ್ರಿ. ಅದು ಹೊಲಕ್ಕೆ ನುಗ್ಗೋದು, ನೀರು ಕುಡಿಯೋದು ಎಲ್ಲ ನಿಜ. ಆದ್ರೆ ಈ ಹೊತ್ತಿಗೆ ಹೊಳೆಗೂ ಹೊಲಕ್ಕೂ ನಡುವೆ ಇರೋ ತಡೆ ಅದೊಂದೇ. ಹೊಂಗೆ, ಬೇವು ಎದೆಮಟ್ಟ ಬಂದ ಮೇಲೆ ಪಟ್ಟಿ ಪಟ್ಟಿಯಾಗಿ ತೆಗೀರಿ, ಒಂದೇ ಸಲ ಬೋಳಿಸಬ್ಯಾಡ್ರಿ. ಬೇಲಿಗೆ ಕೊಂಬೆ ಕಡಿಯೋವಾಗ ಬುಡ ಬಿಟ್ಟು ಮೇಲಿಂದ ತಗೊಂಡ್ರೆ ಸಾಕು, ಮತ್ತೆ ಚಿಗುರ್ತೈತೆ. ಕಾಯಿ ಕಟ್ಟಿದ ಕೊಂಬೆ ಮಾತ್ರ ತರಬ್ಯಾಡ್ರಿ. ಕಾಯಿ ಉದುರಿ ಬೀಜ ಮರಳಿನಲ್ಲಿ ಬಿದ್ರೆ ಮಳೆಗೆ ನಿಮ್ಮ ಹೊಲದ ತುಂಬ ಜಾಲಿ ಏಳ್ತೈತೆ. ಕಾಯಿ ಇರೋ ಕೊಂಬೆ ಅನಿವಾರ್ಯ ಆದ್ರೆ ಕಾಯಿ ಬಡಿದು ಉದುರಿಸಿ, ಗುಡಿಸಿ ಸುಟ್ಟು, ಆಮೇಲೆ ಟ್ರ್ಯಾಲಿಗೆ ಏರಿಸ್ರಿ. ಕುರಿ, ಮೇಕೆಗೆ ಆ ಕಾಯಿ ಹಾಕಿದ್ರೂ ಬೀಜ ಹಿಕ್ಕೆಯಲ್ಲಿ ಹಾಗೇ ಬಂದು ಮೊಳೀತೈತೆ, ಆ ಹಿಕ್ಕೆ ಗೊಬ್ಬರ ಗುಂಡಿಗೆ ಹಾಕಬ್ಯಾಡ್ರಿ.